ದೀಕ್ಷೆ ಸಿಗದವನ ಅರಿವು

ಜೇವರ್ಗಿಯಿಂದ ಕಲಬುರಗಿಗೆ ಹೊರಟ ಬಸ್ಸು ಕಟ್ಟಿಸಂಗಾವಿ ಸೇತುವೆಯ ಮೇಲೆ ಭೀಮೆಯನ್ನು ದಾಟುತ್ತಿತ್ತು. ಪಕ್ಕದ ಸೀಟಿನಲ್ಲಿದ್ದ ಹುಡುಗ ತೊಡೆಯ ಮೇಲೆ ಸ್ಪರ್ಧಾತ್ಮಕ ಪರೀಕ್ಷೆಯ ದಪ್ಪ ಪುಸ್ತಕ ಇಟ್ಟುಕೊಂಡಿದ್ದ. ನಾನು ಓರೆಗಣ್ಣಿನಲ್ಲಿ ಅದೇ ಪುಟ ನೋಡುತ್ತಿದ್ದುದು ಅವನಿಗೆ ಗೊತ್ತಾಯಿತು. ಸಾಲುಗಳ ಕೆಳಗೆ ಕೆಂಪು ಗೆರೆ ಎಳೆದಿದ್ದ ಪುಟವನ್ನು ನನ್ನ ಕಡೆ ತಿರುಗಿಸಿ ಕೇಳಿದ: ‘ಸರ, ಯುರೋಪಿನಾಗ ಈ ಜ್ಞಾನೋದಯ ಯುಗ ಅಂತ ಆಯ್ತಲ್ಲ, ನಮ್ ಕಡಿ ಅಂಥಾದ್ದು ಏನೂ ಆಗಿಲ್ಲೇನ್ರಿ?’

ಉತ್ತರ ಶುರು ಮಾಡಿದೆ. ಅರ್ಧಕ್ಕೆ ಬರುವುದರೊಳಗೆ ಬಸ್‌ಸ್ಟ್ಯಾಂಡ್ ಬಂತು, ಅವನು ಚೀಲ ಹೆಗಲಿಗೇರಿಸಿ ಇಳಿದುಹೋದ. ಉಳಿದ ಅರ್ಧ ಆವತ್ತಿನಿಂದ ನನ್ನ ಬಳಿಯೇ ಇದೆ.

ಮೊದಲು ಆ ಯುಗದ ಮಾತು. ಕನ್ನಡದಲ್ಲಿ ಜ್ಞಾನೋದಯ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಬೋಧಿವೃಕ್ಷದ ಕೆಳಗೆ ಕೂತ ಬುದ್ಧ. ಒಬ್ಬ ಮನುಷ್ಯ, ಒಂದು ರಾತ್ರಿ, ಒಂದು ಬೆಳಕು. ಯುರೋಪಿನದು ಹಾಗಲ್ಲ. ಅದು ನೂರು ವರ್ಷ ನಡೆದ ಜಗಳ. ಪುಸ್ತಕಗಳಲ್ಲಿ, ಪತ್ರಿಕೆಗಳಲ್ಲಿ, ಕೋರ್ಟುಗಳಲ್ಲಿ ನಡೆದ ಜಗಳ. ಜ್ಞಾನೋದಯ ಎಂದರೇನು ಎಂಬ ಪ್ರಶ್ನೆ ಹುಟ್ಟಿದ್ದು ಕೂಡ ಮದುವೆಯ ವಿಷಯಕ್ಕೆ. 1783ರಲ್ಲಿ ಬರ್ಲಿನ್ನಿನ ಒಂದು ಮಾಸಪತ್ರಿಕೆಯಲ್ಲಿ, ಮದುವೆಗೆ ಪಾದ್ರಿ ಬೇಕೇ ಬೇಕೇ ಎಂಬ ಚರ್ಚೆ ನಡೆದಿತ್ತು. ಪಾದ್ರಿ ಬೇಕು ಎನ್ನುತ್ತಿದ್ದ ಯೋಹಾನ್ ಝೋಲ್ನರ್ ಎಂಬ ಧರ್ಮಗುರು ತನ್ನ ಲೇಖನದ ಅಡಿಟಿಪ್ಪಣಿಯಲ್ಲಿ ಸಿಡುಕಿನಿಂದ ಕೇಳಿದ: ಎಲ್ಲರೂ ಜ್ಞಾನೋದಯ, ಜ್ಞಾನೋದಯ ಅನ್ನುತ್ತೀರಲ್ಲ, ಹಾಗೆಂದರೇನು ಅಂತ ಯಾರಾದರೂ ಹೇಳಿದ್ದೀರಾ? ಮರುವರ್ಷ, 1784ರ ಡಿಸೆಂಬರಿನಲ್ಲಿ, ಅದೇ ಪತ್ರಿಕೆಯಲ್ಲಿ ಇಮ್ಯಾನುಯೆಲ್ ಕಾಂಟ್ ಉತ್ತರ ಬರೆದ. ಬೆಳೆದ ಮೇಲೂ ಮಕ್ಕಳ ಹಾಗೆ ಇನ್ನೊಬ್ಬರ ಕೈಹಿಡಿದೇ ನಡೆಯುವ ಸ್ಥಿತಿಯಿಂದ ಹೊರಬರುವುದೇ ಜ್ಞಾನೋದಯ, ಅದಕ್ಕೆ ಕೊರತೆ ಇರುವುದು ಬುದ್ಧಿಯದ್ದಲ್ಲ, ಧೈರ್ಯದ್ದು ಎಂಬುದು ಅವನ ವಾದದ ತಿರುಳು.

ಅವರೆಲ್ಲ ದೇವರಿಲ್ಲ ಎಂದವರು ಎಂಬ ತಿಳಿವಳಿಕೆ ನಮ್ಮಲ್ಲಿದೆ. ಬಹುಪಾಲು ಜನ ಹಾಗೆ ಹೇಳಲಿಲ್ಲ. ದೇವರ ಹೆಸರಿನಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನ ಮೇಲೆ ಅಧಿಕಾರ ನಡೆಸುವುದು ಹೇಗೆ ಸರಿ ಎಂದು ಕೇಳಿದರು. ಫ್ರಾನ್ಸಿನ ತುಲೂಸ್ ಪಟ್ಟಣದಲ್ಲಿ ಜಾನ್ ಕಾಲಾಸ್ ಎಂಬ ಬಟ್ಟೆ ವ್ಯಾಪಾರಿ ಇದ್ದ. ಅವನದು ಪ್ರಾಟೆಸ್ಟಂಟ್ ಮನೆತನ, ಊರು ಕ್ಯಾಥೊಲಿಕ್ಕರದು. ಅವನ ಮಗ ಸತ್ತುಹೋದ. ಕ್ಯಾಥೊಲಿಕ್ ಆಗಲು ಹೊರಟಿದ್ದನೆಂದು ತಂದೆಯೇ ಕೊಂದ ಎಂದು ಊರು ಗುಲ್ಲೆಬ್ಬಿಸಿತು. 1762ರ ಮಾರ್ಚ್ 10ರಂದು ಆ ಮುದುಕನನ್ನು ಚಕ್ರಕ್ಕೆ ಕಟ್ಟಿ ಎಲುಬು ಮುರಿದು ಕೊಂದರು. ವಾಲ್ಟೇರ್ ಆ ಪ್ರಕರಣವನ್ನು ಹಿಡಿದು ಕೂತ. ಮರುವರ್ಷ ಸಹನೆಯ ಬಗ್ಗೆ ಪುಸ್ತಕ ಬರೆದ, ಪತ್ರಗಳ ಮೇಲೆ ಪತ್ರ ಬರೆದ, ಮೂರು ವರ್ಷಕ್ಕೆ ಸತ್ತವನ ಹೆಸರಿನ ಮೇಲಿದ್ದ ಕೊಲೆಯ ಕಳಂಕವನ್ನು ರಾಜನ ನ್ಯಾಯಮಂಡಳಿಯಿಂದಲೇ ತೊಳೆಸಿದ. ಧರ್ಮದ ಗುಲ್ಲು ಹುಟ್ಟಿಸಿದ ಸಾವನ್ನು ಕಾಗದ, ಮಸಿ, ಕಾನೂನು ಹಿಡಿದು ಪ್ರಶ್ನಿಸಬಹುದು ಎಂದು ಆ ಒಂದು ಪ್ರಕರಣ ತೋರಿಸಿಕೊಟ್ಟಿತು.

ಇಷ್ಟು ಹುಡುಗನಿಗೆ ಹೇಳಿದ್ದೆ. ಹೇಳದೆ ಉಳಿದದ್ದು ಅವನದೇ ಸೀಮೆಯ ಕತೆ.

ಹೆಚ್ಚುಕಡಿಮೆ ಅದೇ ಕಾಲ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಒಂದು ಗಂಡುಮಗು ಹುಟ್ಟಿತು. ಜನ ಹೇಳಿಕೊಂಡು ಬಂದ ಕತೆಯ ಪ್ರಕಾರ ತಾಯಿ ವಿಧವೆ. ಮಗು ಬೆಳೆದು ದೀಕ್ಷೆ ಕೇಳಿದಾಗ ಇವನ ಹುಟ್ಟು ಸರಿಯಿಲ್ಲ ಎಂಬ ಮಾತು ಬಂತು, ದೀಕ್ಷೆ ಸಿಗಲಿಲ್ಲ. ಈ ಸೀಮೆಯಿಂದ ಬಸವಕಲ್ಯಾಣ ಬಹಳ ದೂರವೇನಲ್ಲ. ಹುಟ್ಟಿನ ಮೇಲುಕೀಳು ಅಳಿಸಲೆಂದೇ ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಒಂದು ದಾರಿ ತೆರೆದಿತ್ತು. ಆರು ನೂರು ವರ್ಷ ಕಳೆಯುವುದರೊಳಗೆ ಅದೇ ದಾರಿಯ ಬಾಗಿಲಲ್ಲಿ ನಿಂತವರು ಬಂದವನ ಹುಟ್ಟು ಕೇಳುವಂತಾಗಿತ್ತು. ಆ ಹುಡುಗನೇ ಮುಂದೆ ಕಡಕೋಳ ಮಡಿವಾಳಪ್ಪನಾದ. ಜೇವರ್ಗಿ ಸೀಮೆಯ ಕಡಕೋಳ ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದೆ, ಆತನ ಮಠ ಅಲ್ಲೇ ಇದೆ. ಆತ ಕಟ್ಟಿದ ತತ್ವಪದಗಳು ಭೀಮಾ ತೀರದ ಹಳ್ಳಿಹಳ್ಳಿಗಳಲ್ಲಿ ಇವತ್ತಿಗೂ ರಾತ್ರಿಯೆಲ್ಲ ಕೇಳಿಸುತ್ತವೆ.

ನನಗೆ ಈ ಕತೆಯಲ್ಲಿ ಮುಖ್ಯ ಅನಿಸುವುದು, ನಿರಾಕರಿಸಿದವರಿಗೆ ಆತ ಕೊಟ್ಟ ಉತ್ತರದ ಬಗೆ. ಇನ್ನೊಂದು ಬಾಗಿಲು ಹುಡುಕಿ ಬೇರೆ ಗುರುವಿನಿಂದ ಅನುಗ್ರಹ ಪಡೆದು ಅಲ್ಲಿಗೇ ಸುಮ್ಮನಾಗಬಹುದಿತ್ತು. ಗುರು ಸಿಕ್ಕಿದ ಮೇಲೂ ಆತ ಸುಮ್ಮನಾಗಲಿಲ್ಲ. ಮಡಿ, ಮೈಲಿಗೆ, ವೇಷದ ಭಕ್ತಿ, ಕಾಣಿಕೆಯ ಆಸೆ, ಕುಲದ ಸೊಕ್ಕು ಒಂದೊಂದನ್ನೂ ಪದಕ್ಕೆ ತಂದ. ಆತನ ಸುತ್ತ ಸೇರಿದವರನ್ನು ನೋಡಿ: ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ಕಡ್ಲೇವಾಡದ ಸಿದ್ಧಪ್ಪ, ತೆಲಗಬಾಳದ ರೇವಪ್ಪ, ರಾಂಪುರದ ಬಕ್ಕಪ್ಪ. ಒಂದೇ ಕುಲದವರಲ್ಲ, ಒಂದೇ ಮತದವರೂ ಅಲ್ಲ. ದೀಕ್ಷೆ ಸಿಗದವನು ದೀಕ್ಷೆ ಕೊಡುವವನಾದ. ಕೊಡುವಾಗ ಹುಟ್ಟು ಕೇಳಲಿಲ್ಲ.

ಬರ್ಲಿನ್ನಿನಲ್ಲಿ ಪತ್ರಿಕೆ ಮಾಡಿದ ಕೆಲಸವನ್ನು ಇಲ್ಲಿ ಭಜನೆ ಮಾಡಿತು. ಅಮಾವಾಸ್ಯೆಯ ರಾತ್ರಿ, ಊಟ ಮುಗಿಸಿ, ಜನ ಗುಡಿಯ ಕಟ್ಟೆಗೆ ಬರುತ್ತಾರೆ. ಏಕತಾರಿ, ದಮ್ಮಡಿ, ತಾಳ. ಈಗ ಪೇಟಿ ತಬಲಾ ಕೂಡ ಸೇರಿವೆ. ಒಬ್ಬ ಎತ್ತಿಕೊಟ್ಟ ನುಡಿಯನ್ನು ಉಳಿದವರು ಹಿಡಿಯುತ್ತಾರೆ. ಎರಡು ಮೇಳ ಕೂಡಿದರೆ ಒಂದು ಪದದಲ್ಲೇ ಸವಾಲು ಎಸೆಯುತ್ತದೆ, ಇನ್ನೊಂದು ಪದದಲ್ಲೇ ಜವಾಬು ಕೊಡಬೇಕು. ಕೊಡಲಾಗದಿದ್ದರೆ ಸೋತಂತೆ. ಹಗಲೆಲ್ಲ ತೊಗರಿ ಹೊಲದಲ್ಲಿ ಬಗ್ಗಿ ದುಡಿದವರು, ಎಷ್ಟೋ ಮಂದಿ ಶಾಲೆಯ ಮೆಟ್ಟಿಲು ಹತ್ತದವರು, ನಡುರಾತ್ರಿಯಲ್ಲಿ ದೇಹ ಯಾವುದು, ಜೀವ ಯಾವುದು, ಹೊಲೆ ಎನ್ನುವುದು ಎಲ್ಲಿ ಕೂತಿದೆ ಎಂದು ವಾದ ಮಾಡುತ್ತಾರೆ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಕಚೇರಿಯ ಭಾಷೆ ಮೊದಲು ಪಾರ್ಸಿ, ಆಮೇಲೆ ಉರ್ದು. ಕನ್ನಡದ ಮುದ್ರಣಾಲಯ ಈ ಹಳ್ಳಿಗಳ ಕನಸಿಗೂ ಬಂದಿರಲಿಲ್ಲ. ಆದರೂ ಪದಗಳು ಬಾಯಿಂದ ಬಾಯಿಗೆ, ಎಣ್ಣೆಯ ಕಲೆ ಹತ್ತಿದ ಕೈಬರಹದ ವಹಿಗಳಲ್ಲಿ ಉಳಿದವು. ಇತ್ತೀಚಿನ ವರ್ಷಗಳಲ್ಲಿ ಅವು ಸಂಪುಟಗಳಾಗಿ ಅಚ್ಚಾಗಿವೆ.

ಬಾಯಿಯ ಮಾತಿಗೆ ಒಂದು ಬಲವೂ ಇತ್ತು. 1794ರಲ್ಲಿ ಪ್ರಷ್ಯಾದ ರಾಜ ಕಾಂಟ್‌ಗೆ ಧರ್ಮದ ವಿಷಯ ಬರೆಯಬೇಡ ಎಂದು ತಾಕೀತು ಮಾಡಿದ. ಧೈರ್ಯದ ಪಾಠ ಹೇಳಿದ ತತ್ವಜ್ಞಾನಿ ಆಗಲಿ ಎಂದು ಮಾತು ಕೊಟ್ಟ, 1797ರಲ್ಲಿ ಆ ರಾಜ ಸಾಯುವವರೆಗೂ ಅದರಂತೆ ನಡೆದ. ವಯಸ್ಸು ಎಪ್ಪತ್ತಾಗಿತ್ತು, ನಾನು ಅವನನ್ನು ದೂರುವುದಿಲ್ಲ. ಆದರೆ ಅಮಾವಾಸ್ಯೆಯ ರಾತ್ರಿ ನೂರು ಹಳ್ಳಿಗಳಲ್ಲಿ ಏಳುವ ದನಿಗೆ ಅಂಥ ತಾಕೀತು ಕಳಿಸಲು ಯಾವ ರಾಜನಿಗೂ ವಿಳಾಸ ಸಿಗುತ್ತಿರಲಿಲ್ಲ.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಇದೆ. ಕಾಂಟ್ ಯಾರ ಕೈಯನ್ನೂ ಹಿಡಿಯಬೇಡ ಎನ್ನುತ್ತಾನೆ. ನನ್ನ ಬದಲು ತಿಳಿದುಕೊಳ್ಳುವ ಪುಸ್ತಕ, ನನ್ನ ಬದಲು ಪಾಪಪುಣ್ಯ ನೋಡುವ ಪಾದ್ರಿ, ನನ್ನ ಬದಲು ಪಥ್ಯ ಹೇಳುವ ವೈದ್ಯ ಇದ್ದರೆ ನಾನು ಯೋಚಿಸುವುದೇ ಬೇಕಿಲ್ಲ ಎಂದು ಜನ ನೆಮ್ಮದಿಯಾಗಿರುತ್ತಾರೆ ಎಂಬುದು ಅವನ ಸಿಟ್ಟು. ತತ್ವಪದಕಾರರು ಹೇಳುವುದು ನೇರ ಉಲ್ಟಾ: ಗುರುವಿಲ್ಲದೆ ಗತಿಯಿಲ್ಲ. ಪದದ ಕೊನೆಗೆ ಗುರುವಿನ ಹೆಸರು ಬರಲೇಬೇಕು. ಹಾಗಾದರೆ ಇವರಿಬ್ಬರನ್ನು ಒಂದೇ ಮಾತಿನಲ್ಲಿ ಹೇಗೆ ತರುವುದು? ಬಹಳ ದಿನ ಇದು ನನಗೆ ಬಗೆಹರಿದಿರಲಿಲ್ಲ. ಒಮ್ಮೆ ಒಂದು ಭಜನೆ ಮುಗಿದ ಮೇಲೆ, ಆಗಷ್ಟೇ ಹಾಡಿದ ಒಂದು ಒಗಟಿನಂಥ ಪದದ ಅರ್ಥವೇನೆಂದು ಮುಂದೆ ಕೂತು ಹಾಡಿಸುತ್ತಿದ್ದ ಮುತ್ಯಾನನ್ನು ಕೇಳಿದೆ. ಅವರು ಏಕತಾರಿಯ ತಂತಿ ಸಡಿಲಿಸುತ್ತ ನಕ್ಕರು. ‘ನಾ ಹೇಳಂಗಿಲ್ರಿ. ನಾ ಹೇಳಿದ್ರ ಅದು ನಂದಾಗ್ತದ. ನೀವು ಮನಿಗಿ ಹೋಗ್ರಿ, ಮಲಗೋ ಮುಂದ ನೆನಸ್ರಿ, ಯಾವಾಗರೆ ಒಮ್ಮಿ ತಾನೇ ಬಿಚ್ಚತದ.’

ಅವತ್ತು ನನಗೆ ಒಂದು ತಿಳಿಯಿತು. ಈ ದಾರಿಯಲ್ಲಿ ಗುರು ಇರುವುದು ಉತ್ತರ ಕೊಡಲು ಅಲ್ಲ, ಶಿಷ್ಯನಿಗೆ ಅವನದೇ ಉತ್ತರ ಹುಟ್ಟುವ ತನಕ ಬಿಡದೆ ಕಾಡಲು. ಅರಿವೇ ಗುರು ಎಂದು ನಮ್ಮ ಜನ ಸುಮ್ಮನೆ ಹೇಳಲಿಲ್ಲ. ಎಲ್ಲ ಗುರುಗಳೂ ಹಾಗಿರುತ್ತಾರೆ ಎಂದು ನಾನು ಹೇಳುತ್ತಿಲ್ಲ. ಶಿಷ್ಯನನ್ನು ಜೀವಮಾನವಿಡೀ ಕಾಲ ಬಳಿ ಕೂರಿಸಿಕೊಳ್ಳುವ ಗುರುಗಳು ಆಗಲೂ ಇದ್ದರು, ಈಗಲೂ ಇದ್ದಾರೆ, ಮಡಿವಾಳಪ್ಪನ ಸಿಟ್ಟಿಗೆ ಗುರಿಯಾದವರು ಅವರೇ.

ಮತದ ವಿಷಯಕ್ಕೆ ಬಂದರೆ, ಈ ನೆಲದ ನೆನಪು ಯುರೋಪಿನ ಜ್ಞಾನೋದಯಕ್ಕಿಂತ ಬಹಳ ಹಳೆಯದು. ಭೀಮೆಯ ಆಚೆ ದಂಡೆಯ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದಲ್ಲಿ, ಅಶೋಕನ ಶಾಸನದ ಕಲ್ಲು ಸಿಕ್ಕಿತು. ದೇವಿಯ ಮೂರ್ತಿಗೆ ಪೀಠವಾಗಿ ಬಹುಕಾಲ ಕೂತಿದ್ದ ಕಲ್ಲು ಅದು. ಅದರ ಮೇಲಿರುವುದರಲ್ಲಿ ಹನ್ನೆರಡನೆಯ ಶಾಸನವೂ ಒಂದು: ತನ್ನ ಮತವನ್ನು ಹೊಗಳುವ ಭರದಲ್ಲಿ ಇನ್ನೊಬ್ಬರ ಮತವನ್ನು ಹೀಗಳೆಯಬಾರದು, ಪರರ ಧರ್ಮದ ಮಾತನ್ನೂ ಕಿವಿಗೊಟ್ಟು ಕೇಳಬೇಕು ಎನ್ನುವ ಶಾಸನ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷದ ಹಿಂದಿನ ಮಾತು. ಅದನ್ನು ಓದಬಲ್ಲವರು ನೂರಾರು ವರ್ಷ ಯಾರೂ ಇರಲಿಲ್ಲ. ಆದರೂ ಸುತ್ತಲಿನ ಜನ ಬದುಕಿದ್ದು ಅದೇ ಬಗೆಯಲ್ಲಿ. ಮೊಹರಮ್ಮಿನಲ್ಲಿ ಹರಕೆ ಹೊತ್ತು ಫಕೀರರಾಗುವ ಹಿಂದೂ ಮಕ್ಕಳು, ಅಲಾಯಿ ಕುಣಿಯ ಸುತ್ತ ರಿವಾಯತ್ ಪದ ಹಾಡುವ ರೈತರು, ಮುಸ್ಲಿಮರ ಒಂದು ಮನೆಯೂ ಇಲ್ಲದ ಊರಿನಲ್ಲಿ ಕೂಡುವ ದೇವರುಗಳು, ಇವೆಲ್ಲ ಈ ಸೀಮೆಯವರಿಗೆ ಹೊಸ ಸುದ್ದಿಯಲ್ಲ.

ಅದೇ ಸೀಮೆಯ ಆಳಂದದಲ್ಲಿ ಲಾಡ್ಲೆ ಮಶಾಕ್ ದರ್ಗಾ ಇದೆ. ಹದಿನಾಲ್ಕನೆಯ ಶತಮಾನದ ಸೂಫಿ ಅಲಾವುದ್ದೀನ್ ಅನ್ಸಾರಿಯವರ ನೆಲೆ. ಆವರಣದಲ್ಲೇ ರಾಘವ ಚೈತನ್ಯರ ಹೆಸರಿನ ಶಿವಲಿಂಗವೂ ಇದೆ. ಸಂತ ತುಕಾರಾಮ ತನ್ನ ಗುರುಪರಂಪರೆ ಹೇಳುವಾಗ ನೆನೆಯುವ ಹೆಸರು ಈ ರಾಘವ ಚೈತನ್ಯ. ಸೂಫಿಯೊಬ್ಬ, ವಾರಕರಿಗಳ ಗುರುವೊಬ್ಬ, ಒಂದೇ ನೆಲದಲ್ಲಿ. 2022ರ ಮಹಾಶಿವರಾತ್ರಿಯ ದಿನ ಅಲ್ಲಿ ಕಲ್ಲು ತೂರಾಟವಾಯಿತು. 2025ರ ಫೆಬ್ರುವರಿಯಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಹದಿನೈದು ಮಂದಿ ಪೂಜೆ ಮಾಡಬಹುದು ಎಂದು ಹೇಳಿತು. ಕೋರ್ಟು ಮಾಡಬೇಕಾದದ್ದು ಅದನ್ನೇ: ತಲೆ ಎಣಿಸುವುದು, ವೇಳೆ ಗೊತ್ತು ಮಾಡುವುದು, ರಕ್ತ ಬೀಳದ ಹಾಗೆ ನೋಡಿಕೊಳ್ಳುವುದು. ಆದರೆ ಸುದ್ದಿ ಓದಿದ ದಿನ ನನಗೆ ಸಂಕಟವಾಯಿತು. ಯಾರ ಸಮಾಧಿಗೆ ಯಾರು ಹೂ ಹಾಕಿದರು ಎಂದು ಎಣಿಸುವ ಅಗತ್ಯವೇ ಇಲ್ಲದೆ ತಲೆಮಾರುಗಳು ಬದುಕಿದ ಜಾಗದಲ್ಲಿ ಎಣಿಕೆ ಶುರುವಾಗಿದೆ.

ಹಾಗೆಂದು ಇದ್ದದ್ದೆಲ್ಲ ಚೆನ್ನಾಗಿತ್ತು ಎಂದರೆ ಅದು ಸುಳ್ಳು. ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಹೋಗಿ ನೋಡಿ. ಮಧ್ಯಾಹ್ನದ ಹೊತ್ತು ದತ್ತಗುರು ಯಾವುದೋ ರೂಪದಲ್ಲಿ ಭಿಕ್ಷೆಗೆ ಬರುತ್ತಾನೆ ಎಂಬ ನಂಬಿಕೆ ಅಲ್ಲಿಯದು. ಕಾರಿನಲ್ಲಿ ಬಂದ ಶ್ರೀಮಂತರೂ ಜೋಳಿಗೆ ಹಿಡಿದು ಐದು ಮನೆಯ ಮುಂದೆ ಮಾಧುಕರಿ ಬೇಡುತ್ತಾರೆ. ಬೇಡುವ ಯಾರಲ್ಲಿ ಗುರುವಿದ್ದಾನೋ ಗೊತ್ತಿಲ್ಲವಾದ್ದರಿಂದ ಎಲ್ಲರಿಗೂ ರೊಟ್ಟಿ ಬೀಳುತ್ತದೆ. ಸಮಾನತೆಯನ್ನು ಹೊಟ್ಟೆಯ ಮೂಲಕ ಕಲಿಸುವ ಇಂಥ ಪದ್ಧತಿ ನನಗೆ ತುಂಬ ಇಷ್ಟ. ಅದೇ ಗುಡಿಯಲ್ಲಿ, ಆರತಿಯ ಗಂಟೆ ನಗಾರಿ ಶುರುವಾದ ಕ್ಷಣ, ಮೈಮೇಲೆ ದೆವ್ವ ಬಂದಿದೆ ಎನ್ನಲಾದ ಹೆಣ್ಣುಮಕ್ಕಳು ಚೀರುತ್ತ ಮಂಟಪದ ಕಂಬಿಗಳನ್ನು ಹತ್ತಿ ಜೋತುಬೀಳುತ್ತಾರೆ. ಕೂದಲು ಬಿಚ್ಚಿ, ಸೀರೆಯ ನಿಗಾ ಇಲ್ಲದೆ. ಆರತಿ ಮುಗಿದೊಡನೆ ಕೆಳಗಿಳಿದು ಸೆರಗು ಸರಿಮಾಡಿಕೊಂಡು ನೀರು ಕೇಳುತ್ತಾರೆ. ಹಾಗೆ ಕೆಳಗಿಳಿದ ಒಬ್ಬಾಕೆಯ ಅಂಗೈ ನೋಡಿದ್ದೇನೆ, ಕಂಬಿಯ ತುಕ್ಕು ಮೆತ್ತಿಕೊಂಡು ಕೆಂಪಾಗಿತ್ತು. ಅಲ್ಲಿ ಜೋತವರಲ್ಲಿ ಹೆಂಗಸರೇ ಹೆಚ್ಚು. ಮನೆಯಲ್ಲಿ ಜೋರಾಗಿ ಒಂದು ಮಾತಾಡಲು ಹಕ್ಕಿಲ್ಲದವಳಿಗೆ ದೆವ್ವವಾಗಿಯಾದರೂ ಚೀರಲು ಅವಕಾಶ ಸಿಕ್ಕಿದೆ ಎಂದೇ ನನಗೆ ಅನಿಸಿದ್ದು. ಅವಳಿಗೆ ಬೇಕಾದದ್ದು ನಮ್ಮ ನಗೆಯಲ್ಲ, ಮಾನಸಿಕ ರೋಗಗಳ ವೈದ್ಯರು ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗುವುದು.

2019ರ ಡಿಸೆಂಬರ್ 26ರ ಸೂರ್ಯಗ್ರಹಣ ನೆನಪಿರಬಹುದು. ಕಲಬುರಗಿ ಪಕ್ಕದ ತಾಜ್‌ಸುಲ್ತಾನಪುರದಲ್ಲಿ ಅಂಗವೈಕಲ್ಯ ಇದ್ದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಗ್ರಹಣ ಬಿಡುವ ಹೊತ್ತಿಗೆ ಕೈಕಾಲು ಸರಿಯಾಗುತ್ತವೆ ಎಂಬ ನಂಬಿಕೆ. ದೇಶವೆಲ್ಲ ಆ ಫೋಟೊ ನೋಡಿ ಆ ತಂದೆತಾಯಿಯರನ್ನು ಬೈಯಿತು. ಕಣ್ಣೀರಿಡುವ ಮಗುವನ್ನು ಹೂಳಲು ಯಾವ ತಾಯಿಗೆ ಮನಸ್ಸಾಗುತ್ತದೆ? ವರ್ಷಗಟ್ಟಲೆ ಎತ್ತಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಯಾರೂ ಏನೂ ಮಾಡಲಾರರು ಎಂದು ಗೊತ್ತಾದ ಮೇಲೆ ಉಳಿಯುವುದು ಗ್ರಹಣ ಒಂದೇ. ಮೂಢನಂಬಿಕೆ ಬುದ್ಧಿಯ ಕೊರತೆಯಿಂದಲೇ ಹುಟ್ಟುತ್ತದೆ ಎನ್ನುವವರು ಇಂಥ ಮನೆಗಳೊಳಗೆ ಒಂದು ದಿನ ಇದ್ದು ನೋಡಬೇಕು. ಹಾಗೆಂದು ಹೂತದ್ದನ್ನು ಒಪ್ಪಲಾಗದು, ಮಗುವಿನ ನೋವು ನಂಬಿಕೆ ಕೇಳಿ ಬರುವುದಿಲ್ಲ. ಆ ಘಟನೆ ನಡೆದು ಕೆಲವೇ ದಿನಕ್ಕೆ, 2020ರ ಜನವರಿಯಲ್ಲಿ, ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆಯುವ 2017ರ ಕಾಯ್ದೆ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು ಈಗ ಅಪರಾಧ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಕರ್ತವ್ಯ ಎಂದು 1976ರಲ್ಲೇ ಸಂವಿಧಾನಕ್ಕೆ ಸೇರಿಸಿದ್ದೇವೆ.

ಯುರೋಪಿನಿಂದ ನಾವು ಪಡೆಯಲೇಬೇಕಿದ್ದದ್ದು ಇದು: ನಂಬಿಕೆಗೆ ಕೈ ಹಾಕದೆ, ನಂಬಿಕೆಯ ಹೆಸರಲ್ಲಿ ಆಗುವ ಗಾಯಕ್ಕೆ ಕೈ ಹಾಕುವ ಕಾನೂನು. ತತ್ವಪದಕಾರರು ಅದನ್ನು ಮಾಡಲಿಲ್ಲ, ಮಾಡುವ ಜಾಗದಲ್ಲಿ ಅವರು ಇರಲಿಲ್ಲ. ಅಸ್ಪೃಶ್ಯತೆ ಪಾಪ ಎಂದು ಪದ ಹಾಡಬಹುದು, ಅದು ಶಿಕ್ಷೆಗೆ ಯೋಗ್ಯವಾದ ಅಪರಾಧ ಎನ್ನಲು ಅಂಬೇಡ್ಕರರ ಸಂವಿಧಾನದ 17ನೆಯ ವಿಧಿ ಬೇಕಾಯಿತು. ಪದ ಮನಸ್ಸಿನ ಮೇಲೆ ಕೆಲಸ ಮಾಡುತ್ತದೆ, ಮನಸ್ಸು ಬೀದಿಗಿಳಿಯಲು ನೂರು ವರ್ಷ ತೆಗೆದುಕೊಳ್ಳುತ್ತದೆ. ಬೀದಿಯಲ್ಲಿ ನಿಂತವನಿಗೆ ಅಷ್ಟು ಪುರುಸೊತ್ತಿಲ್ಲ. ಆದರೆ ಕಾಯ್ದೆ ಪುಸ್ತಕದಲ್ಲಿದ್ದೂ ಮನಸ್ಸು ಅಲುಗದಿದ್ದರೆ ಏನಾಗುತ್ತದೆ ಎನ್ನುವುದನ್ನೂ ನೋಡಿದ್ದೇವೆ. ಬಸ್ಸಿನ ಹುಡುಗನಿಗೆ ಹೌದು ಎಂದೂ ಇಲ್ಲ ಎಂದೂ ಹೇಳಲಾರದೆ ನಾನು ತಡವರಿಸಿದ್ದು ಇದಕ್ಕೇ. ಆಗಿದೆ ಕಣಪ್ಪಾ, ರಾತ್ರಿ ಆಗಿದೆ, ಹಗಲು ಆಗಬೇಕಿದೆ ಎನ್ನಬೇಕಿತ್ತೇನೋ.

ಮುತ್ಯಾ ಅರ್ಥ ಹೇಳಲು ಒಪ್ಪದ ಅದೇ ಭಜನೆಯ ಬೆಳಗು. ಮೂಡಣ ಬೆಳ್ಳಗಾಗುವ ಹೊತ್ತಿಗೆ ಮಂಗಳಾರತಿ ಮುಗಿಯಿತು. ರಾತ್ರಿಯೆಲ್ಲ ಒಂದೇ ಜಮಖಾನೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಕುಲದ ಸೊಕ್ಕಿನ ಮೇಲೆ ಪದ ಹಾಡಿದವರು ಎದ್ದು ಮೈ ಮುರಿದರು. ಗುಡಿಯ ಪಕ್ಕದ ಮನೆಯಿಂದ ಚಹಾ ಬಂತು. ಒಂದು ಕಿಟ್ಲಿ, ಜೊತೆಗೆ ಕಾಗದದ ಲೋಟಗಳ ಒಂದು ಉದ್ದನೆಯ ಕಟ್ಟು. ಎಲ್ಲರಿಗೂ ಒಂದೇ ಬಗೆಯ ಲೋಟ. ದಮ್ಮಡಿ ಬಾರಿಸಿದ ಕೇರಿಯ ಹುಡುಗನಿಗೂ ಅದೇ, ಗೌಡರ ಮನೆಯ ಹಿರಿಯರಿಗೂ ಅದೇ. ನನಗೆ ಸಮಾಧಾನ ಅನಿಸಿತು. ಕೈ ತೊಳೆಯಲು ಆ ಮನೆಯ ಪಡಸಾಲೆ ದಾಟಿ ಒಳಗೆ ಹೋದೆ. ಒಲೆಯ ಮೇಲಿನ ಮಾಡದಲ್ಲಿ, ಬೂದಿ ಹಚ್ಚಿ ಬೆಳಗಿದ ಸ್ಟೀಲ್ ಲೋಟಗಳು ಸಾಲಾಗಿ ಬೋರಲು ಹಾಕಿದ್ದವು. ಎಣಿಸಿದೆ, ಇಪ್ಪತ್ತನಾಲ್ಕು ಇದ್ದವು. ಹೊರಗೆ ಕಟ್ಟೆಯ ಮೇಲೆ ನಾವು ಇದ್ದದ್ದು ಹದಿನೇಳು ಮಂದಿ.